ಭೂತಗನ್ನಡಿಯ ಕೆಳಗೊಂದು ಮುಖ

‘ಪ್ರಜಾವಾಣಿ’ ಪತ್ರಿಕೆಯ ಹಳೆಯ ಕಪ್ಪು-ಬಿಳುಪು ಫೋಟೊ ಮೇಲೆ ಭೂತಗನ್ನಡಿ ಹಿಡಿಯಿರಿ. ಮುಖ ಮಾಯ, ಬರೀ ಚುಕ್ಕಿ! ಮುದ್ರಣಯಂತ್ರಕ್ಕೆ ಬೂದು ಬಣ್ಣ ಗೊತ್ತಿಲ್ಲ. ಇರುವುದು ಕಪ್ಪು ಶಾಯಿ, ಬಿಳಿ ಕಾಗದ. ಕೂದಲಿಗೆ ದಪ್ಪ ಚುಕ್ಕಿ, ಕೆನ್ನೆಗೆ ಗಸಗಸೆಗಿಂತ ಸಣ್ಣದು. ಇದೇ ಹಾಫ್‌ಟೋನ್. ಚುಕ್ಕಿಸಾಲನ್ನು 45 ಡಿಗ್ರಿ ಓರೆಯಾಗಿಸುತ್ತಾರೆ, ನೆಟ್ಟಗಿದ್ದರೆ ಕಣ್ಣಿಗೆ ಹೊಡೆಯುತ್ತದಲ್ಲ. ಎಂಥ ಜಾಣತನ!

ಇಂದಿರಾನಗರದ ಮನೆಯಲ್ಲಿ ಅದೇ ಫೋಟೊ ಸ್ಕ್ಯಾನ್ ಮಾಡಿ, ಚುಕ್ಕಿ ಅಳಿಸಲು ನೆರೆಯ ಪಿಕ್ಸೆಲ್‌ಗಳನ್ನು ಬೆರೆಸುವ ಲೆಕ್ಕವಾದ ಕನ್ವಲ್ಯೂಷನ್‌ನ ಮೊದಲ ಪಾಠಕ್ಕೆ ಕೂತೆ: ಪ್ರತಿ ಪಿಕ್ಸೆಲ್ ಜೊತೆ ನೆರೆಹೊರೆಯ 8ನ್ನೂ ಕೂಡಿಸಿ 9ರಿಂದ ಭಾಗಿಸುವುದು. ಚುಕ್ಕಿ ಜಗ್ಗಲಿಲ್ಲ. ಆ 9 ಪಿಕ್ಸೆಲ್‌ಗಳ ಚೌಕವನ್ನು ಚುಕ್ಕಿಗಳ ನಡುವಿನ ಅಂತರದಷ್ಟು ಹಿಗ್ಗಿಸಿದೆ. ಬೂದು ಛಾಯೆ ಮರಳಿತು, ಮೂಗು ಮಾತ್ರ ಮಸುಕು. ಲೆಕ್ಕ ಬೇಡವೆನ್ನುವವರು ಪತ್ರಿಕೆಯನ್ನು ಗೋಡೆಗೆ ಅಂಟಿಸಿ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಆ ಸರಾಸರಿಯನ್ನು ಕಣ್ಣೇ ತೆಗೆಯುತ್ತದೆ.