ಕುಗ್ರಾಮ ಅಂದೋರು ಯಾರು?

ಕನ್ನಡದಲ್ಲಿ ಒಂದು ಮಾತಿದೆ: ಕುಗ್ರಾಮ. ಪತ್ರಿಕೆಯವರು ಬರೆಯುತ್ತಾರೆ, ಕಥೆಗಾರರು ಬರೆಯುತ್ತಾರೆ, ಮಂತ್ರಿಗಳು ಭಾಷಣದಲ್ಲಿ ಎಸೆಯುತ್ತಾರೆ, ಕೊನೆಗೆ ನಮ್ಮ ಮೇಷ್ಟ್ರುಗಳೂ ವರ್ಗಾವಣೆ ಅರ್ಜಿಯಲ್ಲಿ ಬರೆಯುತ್ತಾರೆ. ಕುತಂತ್ರ, ಕುಕೃತ್ಯ, ಕುಖ್ಯಾತ ಎಂಬ ಪದಗಳ ಸಾಲಿನಲ್ಲೇ ಇದೂ ನಿಂತಿದೆ. 'ಕು' ಅಂದರೆ ಕೆಟ್ಟದ್ದು. ರಸ್ತೆ ಇಲ್ಲದಿರುವುದು, ಬಸ್ಸು ಬಾರದಿರುವುದು ಊರಿನ ಕೆಟ್ಟತನ ಹೇಗಾದೀತು? ರಸ್ತೆ ಮಾಡದವನ ತಪ್ಪನ್ನು ತಂದು ಊರಿನ ಹೆಸರಿಗೆ ಅಂಟಿಸಿದ ಪದ ಇದು. ಹುಟ್ಟಿದ ಕೇರಿಯನ್ನೇ ಕಳಂಕ ಮಾಡಿದ ಸಂಸ್ಕೃತಿಗೆ ಇಂಥ ಪದ ಹುಟ್ಟಿಸುವುದು ಕಷ್ಟವೇನಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಜನರ ಬಾಯಲ್ಲಿ ಈ ಮಾತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಪೋಡು ಅಂತಾರೆ. ಹನೂರಿನ ಕಡೆ ದೊಡ್ಡಿ ಅಂತಾರೆ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಅಂತ ಕಾಡಿನ ಒಂದೊಂದು ತಾಣಕ್ಕೂ ಹೆಸರಿಟ್ಟು ಪೂಜೆ ಮಾಡಿದ ಜನ ಅವರು. ಅವರಿಗೆ ತಮ್ಮ ಊರು ದೂರ ಅಲ್ಲ. ದೂರ ಅನ್ನುವುದು ಕಚೇರಿಯ ಅಳತೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು. ಈಚೆಗೆ ಹನೂರೇ ಬೇರೆ ತಾಲ್ಲೂಕಾಯಿತು. ಕಚೇರಿ ಜಾಗ ಬದಲಾಯಿಸುತ್ತಲೇ ಇದೆ, ಬೆಟ್ಟ ಕದಲಿಲ್ಲ.

ಈ ಸೀಮೆಯ ದೊಡ್ಡ ಕಾವ್ಯ ಮಲೆ ಮಾದೇಶ್ವರನದು. ಅದನ್ನು ಓದುವಾಗ ನಮಗೆ ಮೊದಲು ಕಾಣುವುದು ಅದರ ಭೂಗೋಳ. ಅಲ್ಲಿ ಏಳುಮಲೆಯೇ ನಡುಮನೆ. ನಾಡಿನ ಸಿರಿವಂತರ ಮನೆಗಳು, ಅರಸರ ಪಟ್ಟಣಗಳು ಅದರ ಸುತ್ತ ಇರುವ ಹೊರವಲಯ. ಬೇವಿನಹಟ್ಟಿ ಕಾಳಮ್ಮನ ಸಂಪತ್ತು, ಸೊಕ್ಕು ಎರಡೂ ಬೆಟ್ಟದಿಂದ ಬಂದ ಜಂಗಮನ ಮುಂದೆ ಕರಗಿಹೋಗುತ್ತವೆ. ದೇವಾನುದೇವತೆಗಳನ್ನೇ ಸೆರೆಯಲ್ಲಿಟ್ಟು ದುಡಿಸಿಕೊಂಡ ಶ್ರವಣ ದೊರೆ ಸಾಯುವುದು ಹರಳಯ್ಯನ ಕೈಯಲ್ಲಿ ತಯಾರಾದ ಪಾದರಕ್ಷೆಯಿಂದ. ಬಿಳಿಗಿರಿರಂಗನಿಗೂ ದೊಡ್ಡ ಚಪ್ಪಲಿ ಮಾಡಿಕೊಡುವವರು ಬೂದಿತಿಟ್ಟಿನ ಚರ್ಮದ ಕೆಲಸದವರೇ. ದೇವರು ಬೆಟ್ಟ ಸುತ್ತಬೇಕಾದರೂ ಈ ಜನದ ಕೈಕೆಲಸ ಬೇಕು.

ಇನ್ನು ಸಂಕಮ್ಮನ ಸಾಲು. ಸೋಲಿಗರ ನೀಲೇಗೌಡ ಕಾಡಿಗೆ ಹೊರಟವನು ಹೆಂಡತಿಯ ಮೇಲೆ ಅನುಮಾನಪಟ್ಟು ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡಲ್ಲ. ಅವನು ಹಿಂಸೆ ಮಾಡುತ್ತಾನೆ. ಮಾದಪ್ಪ ಬಂದು ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳ ವರ ಕೊಡುತ್ತಾನೆ. ತರಗತಿಗಳಲ್ಲಿ ಇದನ್ನು ಪಾತಿವ್ರತ್ಯದ ಕಥೆ, ದೈವಮಹಿಮೆಯ ಕಥೆ ಅಂತ ಪಾಠ ಮಾಡಿ ಮುಗಿಸುತ್ತಾರೆ. ನಾವು ಕೇಳೋದು ಬೇರೆ. ಗಂಡಸು ದಿನಗಟ್ಟಲೆ ಕಾಡಿನಲ್ಲಿ ಇರಬೇಕಾದ ದುಡಿಮೆ ಯಾವುದು? ಒಬ್ಬಂಟಿ ಹೆಂಗಸಿನ ಗುಡಿಸಲಿನ ಬದುಕು ಯಾವುದು? ಭಾಷೆ ಕೊಡಲ್ಲ ಅನ್ನುವ ಅವಳ ಎದೆಗಾರಿಕೆ ಎಲ್ಲಿಂದ ಬಂತು? ಈ ಹಾಡು ದೇವರನ್ನು ಹೊಗಳುತ್ತಲೇ ಸೋಲಿಗ ಗಂಡಿನ ಕ್ರೌರ್ಯವನ್ನೂ ಮುಚ್ಚಿಡದೆ ಹೇಳುತ್ತದೆ. ಬೆಟ್ಟದ ಬದುಕನ್ನು ಮುಗ್ಧ ಅಂತ ಮುದ್ದು ಮಾಡುವ ಪೇಟೆಯ ಲೇಖಕರಿಗಿಂತ ಈ ಹಾಡುಗಾರ ಪ್ರಾಮಾಣಿಕ.

ಪಿ.ಕೆ. ರಾಜಶೇಖರ ಅವರು ಈ ಕಾವ್ಯವನ್ನು 1973ರಲ್ಲಿ ಪುಸ್ತಕ ಮಾಡಿದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೇಶವನ್ ಪ್ರಸಾದ್ ಸಂಗ್ರಹಿಸಿದರು, 1997ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿತು. 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಅದರ ಇಂಗ್ಲಿಷ್ ಅನುವಾದ ಬಂತು. ಇದು ದೊಡ್ಡ ಕೆಲಸ, ನಮಗೆ ಅದರ ಬಗ್ಗೆ ಗೌರವವಿದೆ. ಆದರೆ ಹಾಡು ಬೆಟ್ಟ ಇಳಿದು ದೆಹಲಿ ಮುಟ್ಟಿದ ಅದೇ ಕಾಲದಲ್ಲಿ ಬೆಟ್ಟದ ಮೇಲೆ ಏನಾಯಿತು? ಇದನ್ನು ಕೇಳದ ಜಾನಪದ ವಿಮರ್ಶೆ ಅರ್ಧ ವಿಮರ್ಶೆ.

ಆದದ್ದು ಇದು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ಮೇಲೆ ಜೇನು, ನೆಲ್ಲಿ, ಪಾಚಿ ಎತ್ತಿ ಮಾರುವುದಕ್ಕೂ ಅಡ್ಡಿ ಬಂತು. ನೀಲೇಗೌಡನ ಕಸುಬು ಕಾವ್ಯದಲ್ಲಿ ವೈಭವ, ಕಾನೂನಿನಲ್ಲಿ ಅಪರಾಧ. 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಸೋಲಿಗರು ಸಂಘಟನೆ ಕಟ್ಟಿ ಹೋರಾಡಿದ ಮೇಲೆಯೇ 2011ರಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಅದೇ ಹೊತ್ತಿಗೆ ಆ ಕಾಡು ಹುಲಿ ಮೀಸಲೂ ಆಯಿತು. 2013ರಲ್ಲಿ ಮಾದಪ್ಪನ ಬೆಟ್ಟವೂ ವನ್ಯಧಾಮವಾಯಿತು.

ಬೆಟ್ಟದ ಕೆಳಗಿನ ಕಥೆಯೂ ಇದೇ. ಕಾವೇರಿಯ ನಡುಗಡ್ಡೆಯಾದ ಶಿವನಸಮುದ್ರದ ಜಲಪಾತದಿಂದ 1902ರಲ್ಲೇ ಕರೆಂಟು ಹೊರಟಿತು. ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. ಅಷ್ಟು ದೂರದ ಗಣಿ ಹತ್ತಿರವಾಗಿ, ಪಕ್ಕದ ಬೆಟ್ಟದ ದೊಡ್ಡಿ ದೂರವಾದದ್ದು ಹೇಗೆ? ಕಬಿನಿ, ಕೃಷ್ಣರಾಜಸಾಗರದಿಂದ ಒಮ್ಮೆಲೇ ನೀರು ಬಿಟ್ಟಾಗ, 2018 ಮತ್ತು 2019ರಲ್ಲಿ ಆದಂತೆ, ಕೊಳ್ಳೇಗಾಲದ ದಾಸನಪುರ, ಮುಳ್ಳೂರಿನಂಥ ಊರುಗಳು ನೀರಿನ ನಡುವೆ ಸಿಕ್ಕಿಕೊಳ್ಳುತ್ತವೆ. ದ್ವೀಪಗಳನ್ನು ನಿಸರ್ಗವೊಂದೇ ಮಾಡುವುದಿಲ್ಲ ಅನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಪ್ರಭುತ್ವಕ್ಕೆ ದೂರದ ಊರು ಒಂದು ಉಪಯೋಗಕ್ಕೂ ಬರುತ್ತದೆ. ಇಂಡೋನೇಷ್ಯಾದ ಸುಹಾರ್ತೋ ಸರ್ಕಾರ ಪ್ರಮೂದ್ಯ ಅನಂತ ತೂರ್ ಎಂಬ ಲೇಖಕನನ್ನು 1969ರಿಂದ 1979ರವರೆಗೆ ಬುರು ಎಂಬ ದೂರದ ದ್ವೀಪದಲ್ಲಿ ಸೆರೆಯಿಟ್ಟಿತು. ಕಾಗದ ಕೊಡಲಿಲ್ಲ. ಅವನು ಜೊತೆಯ ಕೈದಿಗಳಿಗೆ ಕಾದಂಬರಿಯನ್ನು ಬಾಯಲ್ಲೇ ಹೇಳಿದ. ಮುಂದೆ ಅದು ಅಚ್ಚಾದಾಗ ಸರ್ಕಾರ ನಿಷೇಧಿಸಿತು. ದೂರದಲ್ಲಿ ಏನು ನಡೆದರೂ ಯಾರಿಗೂ ಕೇಳಿಸದು ಎಂಬ ಲೆಕ್ಕ ಅದು. ನಮ್ಮ ಮಲೆಯಲ್ಲೂ ಅದೇ ಲೆಕ್ಕ ನಡೆಯಿತು. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಬಡವರನ್ನು ಹಿಡಿದು ಚಿತ್ರಹಿಂಸೆ ಕೊಟ್ಟ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಿಸಿತು. ಕಾಡುಗಳ್ಳನ ಮೇಲೆ, ಪೊಲೀಸರ ಸಾಹಸದ ಮೇಲೆ ಸಿನಿಮಾ, ಪುಸ್ತಕ ರಾಶಿ ಬಂದವು. ಆ 89 ಮಂದಿಯ ಬಾಯಿಂದ ಬಂದ ಕನ್ನಡದ ಪುಸ್ತಕ ಎಲ್ಲಿ?

ಕುಗ್ರಾಮ ಎಂಬ ಮಾತು ಇನ್ನೊಂದನ್ನೂ ಮುಚ್ಚುತ್ತದೆ: ಊರುಗಳ ನಡುವಿನ ಜಾತಿ. 2024ರ ಏಪ್ರಿಲ್ 26ರಂದು ಹನೂರು ತಾಲ್ಲೂಕಿನ ಇಂಡಿಗನತ್ತದ ಜನ, ಮೂಲಸೌಕರ್ಯ ಇಲ್ಲ ಅಂತ ಮತದಾನ ಬಹಿಷ್ಕರಿಸಿದ್ದರು. ಅಧಿಕಾರಿಗಳು ಮತದಾನ ನಡೆಸಲು ಹೊರಟಾಗ ಗಲಾಟೆಯಾಗಿ ಮತಗಟ್ಟೆ ಧ್ವಂಸವಾಯಿತು. 29ರಂದು ಮರುಮತದಾನವಾಯಿತು. ಬಹಿಷ್ಕಾರದ ಸಿಟ್ಟು ನ್ಯಾಯವಾದದ್ದೇ. ಆದರೆ ಮತ ಹಾಕಲು ಮುಂದಾದ ಮೆಂದಾರೆಯ ಸೋಲಿಗರೂ ಆ ಸಿಟ್ಟಿಗೆ ಗುರಿಯಾದರು. ದೂರದ ಊರಿಗಿಂತಲೂ ದೂರದ ಪೋಡು ಒಂದಿದೆ, ಬಲ್ಲವರು ಬರೆಯುವಾಗ ಇದನ್ನು ಮರೆಯಬಾರದು. ಒಂದು ವರ್ಷದ ಮೇಲೆ, 2025ರ ಏಪ್ರಿಲ್ 24ರಂದು, ಸಚಿವ ಸಂಪುಟವೇ ಮಾದಪ್ಪನ ಬೆಟ್ಟದಲ್ಲಿ ಸಭೆ ಸೇರಿತು. ಗುಡಿಯವರೆಗೆ ಸರ್ಕಾರ ಬಂತು. ಗುಡಿಯಿಂದಾಚೆ ಕಾಲುದಾರಿ.

ಹಾಗಾದರೆ ಮುಂದೇನು? ಹುಡುಗರು ತಿರುಪ್ಪೂರಿಗೆ, ಬೆಂಗಳೂರಿಗೆ, ಕೊಡಗಿನ ತೋಟಕ್ಕೆ ಹೋಗುತ್ತಿದ್ದಾರೆ. ಉಳಿದವರ ಮುಂದೆ 'ಸ್ವಯಂಪ್ರೇರಿತ ಸ್ಥಳಾಂತರ' ಎಂಬ ಕಾಗದ ಬರುತ್ತದೆ. ಚಂಗಡಿಯವರು ಕೆಳಗೆ ಬರಲು ಒಪ್ಪಿದ ಸುದ್ದಿಯನ್ನು ಶುಭಸುದ್ದಿ ಅಂತ ಓದಿದವರಿದ್ದಾರೆ. ಹೋಗಬೇಕೋ ಇರಬೇಕೋ ಅನ್ನುವುದು ಆ ಊರಿನವರ ತೀರ್ಮಾನ, ನಮ್ಮದಲ್ಲ. ಆದರೆ ರಸ್ತೆ ಇಲ್ಲ, ಆಸ್ಪತ್ರೆ ಇಲ್ಲ, ಬಸುರಿಯನ್ನು ಡೋಲಿಯಲ್ಲಿ ಹೊರಬೇಕು, ಆನೆ ಬಂದರೆ ಬೆಳೆ ಇಲ್ಲ. ಇಷ್ಟೆಲ್ಲ ಇಲ್ಲಗಳ ನಡುವೆ ದಶಕಗಟ್ಟಲೆ ಕೂರಿಸಿ, ಆಮೇಲೆ ನಿಮ್ಮಿಷ್ಟ ಏನಪ್ಪಾ ಅಂತ ಕೇಳಿದರೆ ಅದು ಇಷ್ಟವೇನ್ರೀ? ಮೊದಲು ಅರಣ್ಯ ಹಕ್ಕು ಪೂರ್ತಿ ಕೊಡಿ, ಶಾಲೆ ಕೊಡಿ, ದಾರಿ ಕೊಡಿ. ಆಮೇಲೆ ಕೇಳಿ, ಆಗ ಬರುವ ಉತ್ತರ ಇಷ್ಟದ ಉತ್ತರ.

ಬರೆಯುವವರಿಗೂ ಒಂದು ಮಾತು. ಈ ಊರುಗಳಿಂದ ಹಾಡು ತಂದದ್ದು ಸಾಕು ಅನ್ನುತ್ತಿಲ್ಲ, ಇನ್ನೂ ತನ್ನಿ. ಹಾಡಿದವನ ಮನೆಗೆ ಪಡಿತರ ಎಲ್ಲಿಂದ ಬರುತ್ತೆ, ಅವನ ಮಗಳು ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟಳು, ಅವನ ಜಮೀನಿನ ಕಾಗದ ಯಾರ ಕಚೇರಿಯಲ್ಲಿದೆ ಅನ್ನುವುದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಏಕೋಪಾಧ್ಯಾಯ ಶಾಲೆಯ ಮೇಷ್ಟ್ರುಗಳು ಈ ಕೆಲಸವನ್ನು ಯಾವ ಸಂಶೋಧಕನಿಗಿಂತ ಚೆನ್ನಾಗಿ ಮಾಡಬಲ್ಲರು. ಮತ್ತೆ, ಮುಂದಿನ ಸಲ ಕುಗ್ರಾಮ ಎಂದು ಬರೆಯಲು ಕೈ ಹೋದರೆ ಆ ಪದ ಹೊಡೆದು ಊರಿನ ಹೆಸರು ಬರೆಯಿರಿ. ಎಲ್ಲ ಊರಿಗೂ ಹೆಸರಿದೆ.