ಇ-ಸಿಮ್‌ನಲ್ಲಿ ಗೂಗಲ್‌ಗಿಂತ ದೊಡ್ಡ ಚಿಂತೆ

ಗೂಗಲ್‌ನ ಪಿಕ್ಸೆಲ್ ಫೋನಿಗೆ ಖಾಸಗಿತನಕ್ಕೆ ಒತ್ತು ಕೊಡುವ ಗ್ರಾಫೀನ್‌ಓಎಸ್ ಹಾಕಿಕೊಂಡವರು ಇ-ಸಿಮ್ ಎಂದೊಡನೆ ಹೆದರುವುದು ಗೂಗಲ್‌ಗೆ. ಭಯ ಸುಮ್ಮನೆ ಹುಟ್ಟಿದ್ದಲ್ಲ. ಪಿಕ್ಸೆಲ್‌ನಲ್ಲಿ ಇ-ಸಿಮ್ ಇಳಿಸುವ ತಂತ್ರಾಂಶ ಗೂಗಲ್‌ನದೇ. ಅದರ ಒಳಗೇನಿದೆ ಎಂದು ಹೊರಗಿನವರು ಓದಿ ನೋಡುವ ಹಾಗಿಲ್ಲ. ಅದಕ್ಕೇ ಗ್ರಾಫೀನ್ ತಂಡ ಅದನ್ನು ಆಫ್ ಮಾಡಿಯೇ ಕೊಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿ, ವೈಫೈ ಮೂಲಕ ಸಿಮ್‌ನ ಪ್ರೊಫೈಲ್ ಇಳಿಸಿಕೊಂಡು, ಮತ್ತೆ ಆಫ್ ಮಾಡಿದರೂ ಸಿಮ್ ನಡೆಯುತ್ತಲೇ ಇರುತ್ತದೆ. ಗೂಗಲ್ ಪ್ಲೇ ಸರ್ವೀಸಸ್ ಇರಲೇಬೇಕೆಂಬ ಹಳೆಯ ಕಟ್ಟುಪಾಡೂ ಈಗಿಲ್ಲ. ನನಗೆ ಬಹಳ ಹಿಡಿಸಿದ ಏರ್ಪಾಡು ಇದು.

ನನ್ನ ಚಿಂತೆ ಟೆಲಿಕಾಂ ಕಂಪನಿಯ ಕಡೆಯದು. ಇ-ಸಿಮ್ ಚಿಪ್ಪಿಗೆ ಕಾರ್ಖಾನೆಯಲ್ಲೇ 32 ಅಂಕಿಯ ಇಐಡಿ ಬರೆದಿರುತ್ತಾರೆ. ಪ್ರೊಫೈಲ್ ಇಳಿಸುವ ಮೊದಲು ಚಿಪ್ಪು ತಾನು ಅಸಲಿ ಎಂದು ಸರ್ವರ್‌ಗೆ ತೋರಿಸಬೇಕು. ಅದಕ್ಕೆ ತೋರಿಸುವ ಪ್ರಮಾಣಪತ್ರದಲ್ಲೇ ಇಐಡಿ ಇರುತ್ತದೆ. ಫೋನ್ ರೀಸೆಟ್ ಮಾಡಿದರೂ ಓಎಸ್ ಬದಲಿಸಿದರೂ ಅದು ಬದಲಾಗದು. ಇವತ್ತು ಒಂದು ನಂಬರ್, ಮುಂದಿನ ವರ್ಷ ಅದೇ ಕಂಪನಿಯ ಇನ್ನೊಂದು ನಂಬರ್ ಹಾಕಿಸಿದರೆ ಎರಡೂ ಒಂದೇ ಚಿಪ್ಪಿನವೆಂದು ಅವರಿಗೆ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಸಿಮ್ಮೇ ವಾಸಿ ಎನ್ನುವವರ ಮಾತಿಗೆ ತೂಕ ಬರುವುದು ಇಲ್ಲಿ ಮಾತ್ರ. ಅದೂ ಪೂರ್ತಿ ಅಲ್ಲ, ಏಕೆಂದರೆ ಫೋನಿನ 15 ಅಂಕಿಯ ಐಎಂಇಐ ಯಾವ ಸಿಮ್ ಹಾಕಿದರೂ ನೆಟ್‌ವರ್ಕ್‌ಗೆ ತಲುಪುತ್ತದೆ.

ನಮ್ಮಲ್ಲಿ ಕೆವೈಸಿ ಇಲ್ಲದೆ ಸಿಮ್ಮೇ ಸಿಗದು. ಜಿಯೋದಲ್ಲಿ ಇ-ಸಿಮ್‌ಗೆ ಬದಲಾಗಲು 199ಕ್ಕೆ ಕಳಿಸುವ ಎಸ್ಸೆಮ್ಮೆಸ್‌ನಲ್ಲೇ ಇಐಡಿ, ಐಎಂಇಐ ಎರಡನ್ನೂ ಬರೆಯಬೇಕು. ಹೆಸರು, ಚಿಪ್ಪು, ಫೋನು ಅಲ್ಲಿಗೆ ಒಂದೇ ಸಾಲಿಗೆ ಬಂದವು. ಆಮೇಲೆ ನೀವು ಯಾವ ಟವರಿನ ಕೆಳಗಿದ್ದೀರಿ ಎಂಬುದು ಕಂಪನಿಗೆ ತಿಳಿಯುತ್ತಲೇ ಇರುತ್ತದೆ. ಗ್ರಾಫೀನ್ ಇದನ್ನು ತಡೆಯಲಾರದು, ತಡೆಯುತ್ತೇನೆಂದು ಹೇಳಿಯೂ ಇಲ್ಲ. ಗುಟ್ಟಾಗಿ ಒಬ್ಬರನ್ನು ಕಾಣಹೊರಟ ಪತ್ರಕರ್ತರು ಮನೆಯಿಂದಲೇ ಏರ್‌ಪ್ಲೇನ್ ಮೋಡ್ ಹಾಕಿಕೊಂಡು ಹೊರಡಬೇಕು. ಆಗ ಮೊಬೈಲ್ ರೇಡಿಯೋ ನಿಲ್ಲುತ್ತದೆ, ವೈಫೈ ಬೇಕಿದ್ದರೆ ಬೇರೆಯಾಗಿ ಹಾಕಿಕೊಳ್ಳಬಹುದು.

ಇ-ಸಿಮ್ ಇಳಿಸಲು ಕಂಪನಿ ಕೊಡುವ ಕ್ಯುಆರ್ ಕೋಡನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ. ನಿಮಗಿಂತ ಮೊದಲು ಸ್ಕ್ಯಾನ್ ಮಾಡಿದವರ ಕೈಗೆ ನಂಬರೂ, ಅದಕ್ಕೆ ಬರುವ ಬ್ಯಾಂಕಿನ ಒಟಿಪಿಯೂ ಹೋದೀತು. ಗ್ರಾಫೀನ್‌ನ ಡ್ಯುರೆಸ್ ಪಿನ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು: ಬಲವಂತಕ್ಕೆ ಸಿಕ್ಕಾಗ ಆ ಪಿನ್ ಒತ್ತಿದರೆ ಫೋನಿನ ಮಾಹಿತಿಯ ಜೊತೆ ಇ-ಸಿಮ್ಮೂ ಅಳಿಸಿಹೋಗುತ್ತದೆ. ನಂಬರ್ ವಾಪಸ್ ಬೇಕೆಂದರೆ ಮತ್ತೆ ಕಂಪನಿಯ ಬಳಿಯೇ ಹೋಗಿ ಹೊಸ ಪ್ರೊಫೈಲ್ ಪಡೆಯಬೇಕು.