ರಾಗಕ್ಕೆ ಬೇಕಾದ ಪುರಸೊತ್ತು

ಮಲ್ಲಿಕಾರ್ಜುನ ಮನ್ಸೂರರ ಶಿವಮತ ಭೈರವವನ್ನು ರೇಡಿಯೋದಲ್ಲಿ ಕೇಳುವ ಸುಖವೇ ಬೇರೆ. ಉದ್ಘೋಷಕರು ರಾಗ, ತಾಳ, ಸಾಥಿದಾರರ ಹೆಸರು ಹೇಳಿ ಸರಿದುಬಿಡುತ್ತಾರೆ. ಹೊಗಳಿಕೆಯ ಒಂದು ಮಾತೂ ಇಲ್ಲ. ತಂಬೂರಿಯ ನಾದ ಕಿವಿ ತುಂಬುವ ಹೊತ್ತಿಗೆ ಆ ಕಂಠ ಏಳುತ್ತದೆ. ತುಸು ಒರಟು, ಆದರೆ ಷಡ್ಜ ಹಚ್ಚಿದೊಡನೆ ಗಾಳಿಯಿಲ್ಲದ ಕೋಣೆಯ ದೀಪದ ಕುಡಿಯಂತೆ ನೇರ. ಭೈರವದ ಕೋಮಲ ರಿಷಭದ ಮೇಲೆ ತೂಗುತ್ತ ತೂಗುತ್ತ, ಇದ್ದಕ್ಕಿದ್ದಂತೆ ಕೋಮಲ ಗಾಂಧಾರ ಇಣುಕುತ್ತದೆ. ದಾರಿ ತಪ್ಪಿತೇ ಎನ್ನುವಷ್ಟರಲ್ಲಿ ಮತ್ತೆ ಭೈರವ. ತಾನ್ ಸುತ್ತಿ ಸುತ್ತಿ ಬಂದು ಸಮಕ್ಕೆ ಇಳಿದಿರುತ್ತದೆ. ಇಂಥ ಅಪರೂಪದ ರಾಗ ಮೊದಲ ಐದು ನಿಮಿಷಕ್ಕೇ ಪರಿಚಯ ಕೊಡುವುದಿಲ್ಲ. ಹಾಡುವವರಿಗೂ ಕೇಳುವವರಿಗೂ ಪುರಸೊತ್ತು ಬೇಕು.

ಆ ಪುರಸೊತ್ತು ಪುಕ್ಕಟೆ ಬಂದದ್ದಲ್ಲ, ಸರ್ಕಾರದ ಬೊಕ್ಕಸದಿಂದ ಬಂದದ್ದು. 1952ರಲ್ಲಿ ಶುರುವಾದ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶನಿವಾರದ ರಾತ್ರಿ ಒಂದೂವರೆ ಗಂಟೆಯನ್ನು ಒಬ್ಬ ಕಲಾವಿದರ ಕೈಗೆ ಒಪ್ಪಿಸುತ್ತಿತ್ತು. 1950ರಲ್ಲಿ ಆರಂಭವಾದ ಧಾರವಾಡ ನಿಲಯ ಮನ್ಸೂರರನ್ನು ಸಂಗೀತ ಸಲಹೆಗಾರರನ್ನಾಗಿ, ಕವಿ ಬೇಂದ್ರೆಯವರನ್ನೂ ಸಲಹೆಗಾರರನ್ನಾಗಿ ಕರೆದುಕೊಂಡಿತು. ಧ್ವನಿ ಪರೀಕ್ಷೆಯಲ್ಲಿ ಹಾಡುವವರ ಮುಖ, ಹೆಸರು ಯಾವುದನ್ನೂ ನೋಡದೆ ಕಂಠವನ್ನಷ್ಟೇ ಕೇಳಿ ದರ್ಜೆ ಕೊಡುವ ಪದ್ಧತಿ ಬಂತು. ಊರೂರಿನ ವಾದಕರು ‘ನಿಲಯದ ಕಲಾವಿದರು’ ಎಂಬ ಹೆಸರಿನಲ್ಲಿ ತಿಂಗಳ ಸಂಬಳ ಕಂಡರು. ನಿಶ್ಚಿಂತೆಯಿಂದ ರಿಯಾಜು ಮಾಡಿದರು.

ಒಬ್ಬರ ಉತ್ಸಾಹದಿಂದಲೇ ಇದು ನಡೆಯಲಾರದೇ? ಆರಂಭವೇನೋ ಆಗುತ್ತದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವ್ಯಾಟಿನ ಪ್ರೇಷಕ ಇಟ್ಟು ಬಾನುಲಿ ನಡೆಸಿದರು. ಕೆಲವೇ ವರ್ಷಗಳಲ್ಲಿ ಮೈಸೂರು ಸರ್ಕಾರ ಅದನ್ನು ವಹಿಸಿಕೊಳ್ಳಬೇಕಾಯಿತು.

ಹಾಗೆಂದು ಸರ್ಕಾರದ ಕಿವಿ ಯಾವಾಗಲೂ ಸೂಕ್ಷ್ಮವಾಗಿತ್ತೆಂದಲ್ಲ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗಟ್ಟಿತು. ನಿಷೇಧ ಸಡಿಲವಾಗಲು ಮೂರು ದಶಕ ಬೇಕಾಯಿತು. ಪೇಟಿಯ ನಾದದಲ್ಲೇ ಬೆಳೆದ ನಮ್ಮ ನಾಟಕ ಕಂಪನಿಗಳ ಸೀಮೆಗೆ ಇದೆಂಥ ಅನ್ಯಾಯ! 1950ರ ದಶಕದಲ್ಲಿ ಸಚಿವ ಬಿ.ವಿ. ಕೇಸ್ಕರ್ ಸಿನಿಮಾ ಹಾಡಿಗೆ ಮುಖ ತಿರುವಿದಾಗ ಕೇಳುಗರು ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದು ಈ ಪಾಠದಿಂದ. ರಸಿಕತೆಯನ್ನು ಆಜ್ಞೆ ಹೊರಡಿಸಿ ಬೆಳೆಸಲಾಗದು.

ಆದ್ದರಿಂದ ನನ್ನ ಹಕ್ಕೊತ್ತಾಯ ಎರಡು ಮಾತಿನದು: ಸರ್ಕಾರ ಹಣ ಕೊಡಲಿ, ರುಚಿಯನ್ನು ಬಲ್ಲವರಿಗೆ ಬಿಡಲಿ. 1997ರಲ್ಲಿ ಪ್ರಸಾರ ಭಾರತಿ ಸ್ವಾಯತ್ತ ಸಂಸ್ಥೆಯಾದದ್ದು ಇಂಥ ಆಸೆಯಿಂದಲೇ. ಖಾಸಗಿ ವಾಹಿನಿಗೆ ನಿಮಿಷವೆಂದರೆ ಮಾರುವ ಸರಕು. ಅದನ್ನು ದೂರಿ ಫಲವಿಲ್ಲ, ಅದರ ಬದುಕೇ ಹಾಗೆ. ಮಾರಲಾಗದ ಗಂಟೆಯನ್ನು ಕೊಳ್ಳುವ ಶಕ್ತಿ ಇರುವುದು ಎಲ್ಲರ ತೆರಿಗೆಗೆ ಮಾತ್ರ. ಟಿಕೆಟ್ ಕೊಂಡು ಕಚೇರಿಗೆ ಹೋಗಲಾಗದವರೂ ಶಿವಮತ ಭೈರವದ ರಸಿಕರಾದದ್ದು ಆ ತೆರಿಗೆಯಿಂದಲೇ.